ಹುರುಳಿಗೆ ಬಿಟ್ಟುಕೊಟ್ಟ ಬೆಳಗು

ಕಾರಿಗೆ ಏನೂ ಆಗಿರಲಿಲ್ಲ. ಬಿಸಿಲು ಏರಿದ ಮೇಲೆ ಓಡಿಸುತ್ತಿದ್ದೆವು, ಅಷ್ಟೇ. ಇಷ್ಟು ತಿಳಿಯುವುದರೊಳಗೆ ನನ್ನ ಮೊಮ್ಮಗಳು ಸುಮಿ ಎಂಜಿನ್ ಬಿಚ್ಚಿ ಜೋಡಿಸಿ ಮತ್ತೆ ಬಿಚ್ಚಿದಳು, ಗ್ಯಾರೇಜಿನ ಬಷೀರ್ ಸಾಬರು ಪೆಟ್ರೋಲ್ ಬಂಕಿನವನ ಜೊತೆ ಜಗಳ ಆಡಿ ಬಂದರು, ನಾನು ಹುಡುಗಿಗೆ ಧೈರ್ಯ ಸಾಲದು ಅಂದೆ. ಆ ಸುಗ್ಗಿಯ ಬಗ್ಗೆ ಊರಲ್ಲಿ ಈಗಲೂ ಒಂದೊಂದು ಮಾತು ಕೇಳಿಬರುತ್ತದೆ. ಕಾರಿಗೆ ದೃಷ್ಟಿ ತಗುಲಿತ್ತು ಅನ್ನುವವರಿದ್ದಾರೆ, ಹೆಣ್ಣು ಹುಡುಗಿ ಎಂಜಿನ್ ಮುಟ್ಟಿದ್ದಕ್ಕೆ ಹಾಗಾಯಿತು ಅನ್ನುವವರೂ ಇದ್ದಾರೆ. ಅದೆಲ್ಲ ಸುಳ್ಳು.

ಮೊನ್ನೆ ಮಗ್ಗೆಗೆ ಹೋಗಿದ್ದೆ. ಮಗ್ಗೆ ನನ್ನ ತವರು. ಬಸ್ಸಿಳಿದು ನಡೆಯುವಾಗ ಟಾರಿನ ಮೇಲೆ ಹುರುಳಿ ಹರವಿದ ವಾಸನೆ ಬಂತು. ಕಾದ ಟಾರು, ಒಣಗಿದ ಹುರುಳಿಯ ಸಿಪ್ಪೆ, ಅದರ ಮೇಲೆ ಹೋಗಿ ಬಂದ ಟ್ರ್ಯಾಕ್ಟರಿನ ಹೊಗೆ, ಮೂರೂ ಸೇರಿ ಮೂಗು ತುರಿಸುವಂಥ ವಾಸನೆ. ಜೊತೆಗಿದ್ದವರು ಸೀನಿಕೊಂಡು ಮುಂದೆ ಹೋದರು. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ನಾವು ಇರುವುದು ಹಾನುಬಾಳಿನ ಹತ್ತಿರ. ಮಗ ನಾಗರಾಜ ಒಂದು ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿ. ಅವನ ಒಬ್ಬಳೇ ಮಗಳು ಸುಮಿ. ಅವಳು ಐಟಿಐನಲ್ಲಿ ಮೋಟಾರು ರಿಪೇರಿ ಕಲಿತು ಸಕಲೇಶಪುರದಲ್ಲಿ ಬಷೀರ್ ಸಾಬರ ಗ್ಯಾರೇಜಿಗೆ ಸೇರಿದ್ದಳು. ಜೀಪುಗಳ ಕೆಲಸ. ಕಾಫಿ ಕೊಯ್ಯುವವರನ್ನು ಗುಡ್ಡಕ್ಕೆ ಹತ್ತಿಸುವ ಜೀಪುಗಳೆಲ್ಲ ಅಲ್ಲಿಗೇ ಬರುತ್ತವೆ. ಮೊದಮೊದಲು ಡ್ರೈವರುಗಳು, ಈ ಹುಡುಗಿ ಕೈಗೆ ನಮ್ಮ ಗಾಡಿ ಕೊಡಬೇಡಿ ಎನ್ನುತ್ತಿದ್ದರಂತೆ. ವರ್ಷ ತುಂಬುವುದರೊಳಗೆ ಸುಮಿ ಇಲ್ಲದಿದ್ದರೆ ನಾಳೆ ಬರುತ್ತೇವೆ ಅನ್ನುವಂತಾದರು.

ಎಸ್ಟೇಟಿನ ಶೆಡ್ಡಿನಲ್ಲಿ ಒಂದು ಹಳೆಯ ಬಿಳಿ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದವು. ಸಾಹುಕಾರರು, ಬೇಕಿದ್ದರೆ ತೆಗೆದುಕೊಂಡು ಹೋಗು, ಶೆಡ್ಡಾದರೂ ಖಾಲಿಯಾಗಲಿ ಎಂದರು. ಸುಮಿ ಅದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹೋದಳು. ದಿನದ ಕೆಲಸ ಮುಗಿದ ಮೇಲೆ ಅದರ ಎಂಜಿನ್ನಿಗೆ ಕೈ ಹಾಕುತ್ತಿದ್ದಳು. ಎಲ್ಲೆಲ್ಲಿಂದಲೋ ಸಾಮಾನು ತಂದಳು, ಕೆಲವನ್ನು ತಾನೇ ಅರೆದು ಕೂರಿಸಿದಳು. ಒಂದು ದಿನ ಅದು ಗುಡುಗಿದ ಹಾಗೆ ಸದ್ದು ಮಾಡುತ್ತ ನಮ್ಮ ಮನೆ ಮುಂದೆ ಬಂದು ನಿಂತಾಗ ಒಳಗಿಂದ ಇನ್ನೂ ಕೋಳಿ ವಾಸನೆ ಬರುತ್ತಿತ್ತು.

ಘಟ್ಟದ ಕೆಳಗೆ ರೇಸಿನ ಕಾರುಗಳನ್ನು ಸಿದ್ಧ ಮಾಡುವ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಶೆಟ್ಟರೊಬ್ಬರು ಒಮ್ಮೆ ದಾರಿಯಲ್ಲಿ ಗಾಡಿ ಕೆಟ್ಟು ಬಷೀರ್ ಸಾಬರಲ್ಲಿಗೆ ಬಂದರು. ಮೂಲೆಯಲ್ಲಿದ್ದ ಬಿಳಿ ಕಾರಿನ ಬಾನೆಟ್ ಎತ್ತಿ ನೋಡಿ, "ಇದನ್ನು ಕಟ್ಟಿದ್ದು ಯಾರು ಮಾರಾಯ್ರೆ?" ಎಂದು ಕೇಳಿದರಂತೆ. ಬಷೀರ್ ಸಾಬರು ಜೀಪಿನ ಅಡಿಯಿಂದ ಹೊರಗೆ ಚಾಚಿದ್ದ ಸುಮಿಯ ಕಾಲು ತೋರಿಸಿದರಂತೆ.

ಕೆಳಗೆ ಬೇಸಿಗೆಯ ಆರಂಭದಲ್ಲಿ ಕಾರುಗಳ ಓಟ ಇಡುತ್ತಾರೆ. ನಿಂತಲ್ಲಿಂದ ಹೊರಟು ಕಾಲು ಮೈಲಿ ನೆಟ್ಟಗೆ ಹೋಗಬೇಕು. ತಿರುವಿಲ್ಲ, ಏರಿಲ್ಲ, ಇಳಿಜಾರಿಲ್ಲ. ಎಷ್ಟು ಸೆಕೆಂಡಿಗೆ ಮುಟ್ಟಿತು ಎನ್ನುವುದಷ್ಟೇ ಮಾತು. ಡ್ರ್ಯಾಗ್ ಅಂತ ಅದರ ಹೆಸರು. ಶೆಟ್ಟರು ಸುಮಿಗೆ, "ಈ ಗಾಡಿಯನ್ನು ಅಲ್ಲಿ ಹದಿನೇಳು ಸೆಕೆಂಡಿನ ಒಳಗೆ ಓಡಿಸಿ ತೋರಿಸು. ನನ್ನ ವರ್ಕ್‌ಶಾಪಿನಲ್ಲಿ ಎಂಜಿನ್ ಕೆಲಸಕ್ಕೆ ನಿನಗೆ ಜಾಗ ಉಂಟು" ಎಂದು ಹೇಳಿ ಹೋದರು.

ನಾಗರಾಜನಿಗೆ ಇದು ಹಿಡಿಸಲಿಲ್ಲ. "ಅವ್ವ, ಎಷ್ಟ್ ದಿನ ಅಂತ ಗ್ರೀಸ್ ಬಳ್ಕಂಡು ಓಡಾಡ್ತಳೆ? ಎಸ್ಟೇಟ್ ಸ್ಟೋರ್‌ನಾಗೆ ರೈಟರ್ ಕೆಲಸ ಖಾಲಿ ಐತೆ. ನೆರಳಲ್ಲಿ ಕೂತು ಚೀಲದ ಲೆಕ್ಕ ಬರ್ಕಂಡಿದ್ರೆ ಆಯ್ತು. ಸಾಹುಕಾರ್ರು ಹೂ ಮಳೆ ಗಂಟ ಕಾಯ್ತೀನಿ ಅಂದವ್ರೆ."

ಕಾಫಿ ಮೊಗ್ಗು ಅರಳುವಂತೆ ಬೇಸಿಗೆಯಲ್ಲಿ ಬೀಳುವ ಮೊದಲ ಮಳೆಗೆ ನಮ್ಮಲ್ಲಿ ಹೂ ಮಳೆ ಎನ್ನುತ್ತಾರೆ.

"ಹಂಗಾರೆ ನೀನೂ ಹೂ ಮಳೆ ಗಂಟ ಬಾಯ್ ಮುಚ್ಕಂಡಿರು" ಎಂದೆ.

ಮಾತು ಅಷ್ಟಕ್ಕೆ ನಿಂತಿತು. ಹದಿನೇಳರ ಒಳಗೆ ಬಂದರೆ ಸುಮಿ ಘಟ್ಟದ ಕೆಳಗೆ, ಬರದಿದ್ದರೆ ಸ್ಟೋರಿನ ಮೇಜಿನ ಹಿಂದೆ. ಕಾರು ವಾಪಸ್ ಕೋಳಿಗಳಿಗೆ.

ಓಡಿಸಿ ನೋಡಲು ಹಾನುಬಾಳಿನ ಕಡೆ ನೆಟ್ಟಗಿನ ರಸ್ತೆ ಎಲ್ಲಿದೆ? ಒಂದು ತಿರುವು ಮುಗಿಯುವ ಮೊದಲು ಇನ್ನೊಂದು ಶುರುವಾಗುತ್ತದೆ. ಆಗ ನನಗೆ ಮಗ್ಗೆ ನೆನಪಾಯಿತು. ನನ್ನ ತಮ್ಮನ ಹೊಲದ ಮಗ್ಗುಲಲ್ಲಿ ಯಾರೋ ಸೈಟು ಮಾಡುತ್ತೇವೆಂದು ಟಾರು ಹಾಕಿಸಿ, ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ನೂಲು ಹಿಡಿದ ಹಾಗೆ ನೆಟ್ಟಗಿನ ರಸ್ತೆ. ಎಲ್ಲಿಗೂ ಹೋಗುವುದಿಲ್ಲ, ಹಾಗಾಗಿ ಯಾರೂ ಬರುವುದಿಲ್ಲ. ತಮ್ಮ ತೀರಿಕೊಂಡ ಮೇಲೆ ಹೊಲ ನೋಡಿಕೊಳ್ಳುತ್ತಿದ್ದವಳು ಅವನ ಹೆಂಡತಿ ಪುಟ್ಟಮ್ಮ. ನಾನು ಸಂಕ್ರಾಂತಿ ಕಳೆದ ಮೇಲೆ ಅವಳ ಮನೆಗೆ ಹೋಗಿ ಉಳಿದೆ. ರಜಾ ದಿನದ ಹಿಂದಿನ ಸಂಜೆ ಸುಮಿ ಕಾರು ತರುತ್ತಿದ್ದಳು, ಬೆಳಗ್ಗೆ ಬಷೀರ್ ಸಾಬರು ಜೀಪಿನಲ್ಲಿ ಬಂದು ಸೇರುತ್ತಿದ್ದರು.

ಆ ಬೆಳಗಿನ ಚಳಿ ನಾನು ಹಾನುಬಾಳಿನಲ್ಲಿ ಕಂಡ ಚಳಿಯಲ್ಲ. ಹಾನುಬಾಳಿನಲ್ಲಿ ಮರ ಇದೆ, ತಡೆ ಇದೆ. ಮಗ್ಗೆಯ ಬಯಲಲ್ಲಿ ಗಾಳಿ ನೇರ ಬಂದು ಕಿವಿ ಕಚ್ಚುತ್ತದೆ. ಇಬ್ಬನಿ ಬಿದ್ದು ಟಾರು ಒದ್ದೆಯಾಗಿದ್ದರೆ ಓಡಿಸುತ್ತಿರಲಿಲ್ಲ. ರಸ್ತೆ ಒಣಗಿದ್ದ ಬೆಳಗ್ಗೆ ಮಾತ್ರ. ನಾನು ಕೆಂಪು ಸ್ವೆಟರಿನ ಮೇಲೆ ಶಾಲು ಹೊದ್ದು, ತಲೆಗೆ ಮಫ್ಲರ್ ಸುತ್ತಿ, ಕೈಯಲ್ಲಿ ಬಿಳಿ ಟವೆಲ್ ಹಿಡಿದು ರಸ್ತೆಯ ಪಕ್ಕ ನಿಲ್ಲುತ್ತಿದ್ದೆ. ಟವೆಲ್ ಕೆಳಗೆ ಬೀಸಿದ ತಕ್ಷಣ ಸುಮಿ ಬಿಡಬೇಕು. ಕಾರಿನೊಳಗೆ ಅವಳ ಫೋನು ಹೊತ್ತು ಅಳೆಯುತ್ತಿತ್ತು. ಚಕ್ರ ಜಾರುತ್ತದೋ ಇಲ್ಲವೋ ನೋಡಲು ಬಷೀರ್ ಸಾಬರು ಪಕ್ಕದಲ್ಲಿ ನಿಂತು ತಮ್ಮ ಫೋನಿನಲ್ಲಿ ವಿಡಿಯೊ ತೆಗೆದು, ಆಮೇಲೆ ಅವಳಿಗೆ ಕಳಿಸುತ್ತಿದ್ದರು.

ಮೊದಲ ವಾರವೇ ಹದಿನೇಳು ಪಾಯಿಂಟ್ ಒಂದು ಬಂತು. ಸಾಬರು ರಸ್ತೆ ಮಧ್ಯೆ ಕುಣಿದರು. ನನಗೆ ಅರ್ಥವಾಗಲಿಲ್ಲ.

"ಒಳಗೆ ಬರ್ಲಿಲ್ವಲ್ಲ, ಯಾಕ್ ಕುಣೀತೀರಿ?"

"ಅಮ್ಮ, ನಾವು ಎತ್ತರದಲ್ಲಿದೀವಿ. ಇಲ್ಲಿ ಗಾಳಿ ತೆಳು. ಗಾಡಿ ಅರ್ಧ ಉಸಿರಲ್ಲಿ ಓಡ್ತಾ ಐತೆ. ಕೆಳಗೆ ಸಮುದ್ರದ ಕಡೆ ಹೋದ್ರೆ ಗಾಳಿ ಗಟ್ಟಿ, ಪೂರ್ತಿ ಉಸಿರು. ಅಲ್ಲಿ ಹದಿನಾರು ಚಿಲ್ಲರೆ ಬಂದೇ ಬತ್ತದೆ."

ಸುಮಿ ಒಂದು ಡಬ್ಬಿ ತೆರೆದು ಹಿತ್ತಾಳೆಯ ಸಣ್ಣ ಸಣ್ಣ ತುಂಡುಗಳನ್ನು ತೋರಿಸಿದಳು. ಒಂದೊಂದರಲ್ಲೂ ಸೂಜಿಯ ಕಣ್ಣಿನಂಥ ತೂತು. ಜೆಟ್ ಅನ್ನುತ್ತಾರೆ. ಪೆಟ್ರೋಲು ಆ ತೂತಿನಿಂದ ಎಂಜಿನ್ನಿಗೆ ಹೋಗುತ್ತದೆ. ಗಾಳಿ ತೆಳುವಾಗಿರುವ ಕಡೆ ಸಣ್ಣ ತೂತು, ಗಟ್ಟಿಯಾಗಿರುವ ಕಡೆ ದೊಡ್ಡದು. ಒಲೆಗೆ ಗಾಳಿ ಸಾಲದೆ ಸೌದೆ ತುರುಕಿದರೆ ಬರೀ ಹೊಗೆ ಬರುತ್ತದಲ್ಲ, ಹಾಗೆ ಎಂದು ನಾನು ತಿಳಿದುಕೊಂಡೆ. ಘಟ್ಟ ಇಳಿದ ಮೇಲೆ ಯಾವ ಜೆಟ್ ಹಾಕುವುದು ಎಂದು ಅವರಿಬ್ಬರೂ ಆಗಲೇ ಆರಿಸಿ ಇಟ್ಟಿದ್ದರು. ಎತ್ತರದ ವಿಷಯದಲ್ಲಿ ಅವರು ಒಂದು ಚೂರೂ ತಪ್ಪಲಿಲ್ಲ.

ಅಷ್ಟರಲ್ಲಿ ಪುಟ್ಟಮ್ಮನ ಹುರುಳಿ ಬಲಿತಿತು.

"ಅತ್ತಿಗೆ, ನಿಮ್ಮ ಕಾರಿನ ಆಟ ಮುಗೀತಾ? ಹುರ್ಳಿ ಕೀಳುಸ್ತಾ ಇದೀನಿ. ರಸ್ತೆ ನಂಗೆ ಬೇಕು."

"ವಸಿ ತಡಿಯೆ. ಹುರ್ಳಿ ಎಲ್ಲಿಗೋಗ್ತದೆ?"

"ಹುರ್ಳಿ ಎಲ್ಲಿಗೂ ಹೋಗಕಿಲ್ಲ. ಕಾಯಿ ಒಡ್ಕಂಡು ಕಾಳು ಹೊಲದಾಗೇ ಉದುರ್ತದೆ. ಆಮೇಲೆ ನಿಮ್ ಕಾರ್ನೇ ಬೇಯ್ಸಿ ಸಾರು ಮಾಡ್ಕಂಡ್ ಉಣ್ಣಣ."

ನಮ್ಮ ಕಡೆ ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ಬೆಳೆಯನ್ನು ರಸ್ತೆಯ ಉದ್ದಕ್ಕೂ ಹರವುತ್ತಾರೆ, ಗಾಡಿಗಳು ಅದರ ಮೇಲೆ ಓಡಾಡಿ ಕಾಳು ಬಿಡಿಸುತ್ತವೆ. ಎದುರಿಗೆ ಬಸ್ಸು ಬಂದರೂ ಅದೇ ನಿಧಾನ ಮಾಡಬೇಕು, ಬೆಳೆ ಸರಿಯುವುದಿಲ್ಲ. ಆ ರಸ್ತೆಗೆ ಬಸ್ಸು ಬಾರದ ಕಾರಣ ಪುಟ್ಟಮ್ಮ ಟ್ರ್ಯಾಕ್ಟರ್ ಹೇಳಿದ್ದಳು. ಸಂಜೆ ಹುರುಳಿ ಗಿಡ ತಂದು ರಸ್ತೆಯಲ್ಲೇ ಒಟ್ಟುವುದು, ಬೆಳಗ್ಗೆ ಬಿಸಿಲು ಬಂದ ಹಾಗೆ ಹರವುವುದು, ಮಧ್ಯಾಹ್ನ ತುಳಿಸಿ ಬಾಚಿ ಗುಡಿಸುವುದು. ಗುಡಿಸಿದ ಮೇಲೆ, ಸಂಜೆ ಹೊಸ ಹೊರೆ ಬರುವ ತನಕ ರಸ್ತೆ ನಮಗೆ. ಬೆಳೆಗೆ ರಸ್ತೆ ಬಿಡುವುದು ನಮ್ಮಲ್ಲಿ ಯೋಚನೆ ಮಾಡುವಂಥ ವಿಷಯವೇ ಅಲ್ಲ. ಬಾಗಿಲಲ್ಲಿ ಎದುರು ಸಿಕ್ಕವರಿಗೆ ಪಕ್ಕಕ್ಕೆ ಸರಿದ ಹಾಗೆ ಸರಿದುಕೊಂಡೆವು. ನಾವು ಏನನ್ನೋ ಬದಲಾಯಿಸಿದೆವು ಎಂಬುದು ಮೂವರಲ್ಲಿ ಒಬ್ಬರ ತಲೆಗೂ ಬರಲಿಲ್ಲ.

ಆಮೇಲಿನ ವಾರ ಹದಿನೇಳು ಪಾಯಿಂಟ್ ನಾಲ್ಕು ಬಂತು. ಅದರ ಮುಂದಿನ ವಾರ ಐದು.

ಮೊದಲು ಹುರುಳಿಯ ಹೊಟ್ಟು ಫಿಲ್ಟರಿಗೆ ಹೋಗಿದೆ ಎಂದರು. ಬಿಚ್ಚಿ ಕೊಡವಿದರು, ಚಿಟಿಕೆಯಷ್ಟು ಧೂಳು ಬಂತು. ಪ್ಲಗ್ ಬದಲಾಯಿಸಿದರು. ಪೆಟ್ರೋಲಿನಲ್ಲಿ ಕಲಬೆರಕೆ ಎಂದು ಸಾಬರು ಬಂಕಿಗೆ ಹೋಗಿ ಬೈದು ಬಂದರು. ಬಂಕಿನವನು ತಿರುಗಿ ಬೈದ. ಸುಮಿ ಎಂಜಿನ್ ಮೇಲ್ಭಾಗ ಇಡೀ ಬಿಚ್ಚಿ ಒಂದೊಂದೇ ಸಾಮಾನನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟು ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು. ಜೋಡಿಸಿದಳು. ಮತ್ತೆ ಐದು. ಮತ್ತೆ ಬಿಚ್ಚಿದಳು.

ನಾನೂ ಸುಮ್ಮನಿರಲಿಲ್ಲ. "ಹೆದ್ರಿಕೆ ಕಣೆ ನಿಂಗೆ. ಕಾಲು ಒತ್ತುತಾನೇ ಇಲ್ಲ" ಎಂದೆ.

"ಅಜ್ಜಿ, ಪೆಡಲ್ ನೆಲಕ್ಕೆ ಅಂಟ್ಕಂಡೈತೆ. ಇನ್ನೇನ್ ನೆಲ ತೂತು ಮಾಡ್ಕಂಡು ಕಾಲಲ್ಲಿ ಓಡ್ಲಾ?"

ಅವಳ ಮುಖ ಬಾಡಿತ್ತು. ಬಿಸಿಲಿಗೆ ಕಪ್ಪಾಗಿದ್ದಳು. ಕೊನೆಗೊಂದು ಭಾನುವಾರ, ಹದಿನೇಳು ಆರು ಬಂದಾಗ, ಅವಳು ಕಾರಿನಿಂದ ಇಳಿದು ಬಾಗಿಲನ್ನು ಮೆಲ್ಲಗೆ ಹಾಕಿದಳು. ಜೋರಾಗಿ ಬಡಿದಿದ್ದರೆ ನನಗೆ ಯೋಚನೆಯಾಗುತ್ತಿರಲಿಲ್ಲ.

"ನಾಳೆ ಅಪ್ಪನ ಜೊತೆ ಹೋಗಿ ಸ್ಟೋರ್ ನೋಡ್ಕಂಡ್ ಬತ್ತೀನಿ ಅಜ್ಜಿ. ನಾನು ಕಟ್ಟಿದ ಎಂಜಿನ್ ದಿನದಿನಕ್ಕೆ ಸಾಯ್ತಾ ಐತೆ, ಯಾಕೆ ಅಂತ ನಂಗೇ ಗೊತ್ತಾಗ್ತಿಲ್ಲ. ಅಂತೋಳು ಶೆಟ್ರ ಹತ್ರ ಹೋಗಿ ಏನ್ ಮಾಡ್ಲಿ?"

ಬಷೀರ್ ಸಾಬರು ಜೀಪು ಹತ್ತಿ ಹೋದರು.

ಸಂಜೆ ಪುಟ್ಟಮ್ಮನ ಜಗಲಿಯಲ್ಲಿ ಕೂತಿದ್ದೆವು. ಅವಳು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಸುಮಿ ಸುಮ್ಮನೆ ಫೋನಿನಲ್ಲಿ ವಿಡಿಯೊಗಳನ್ನು ಒಂದಾದ ಮೇಲೊಂದು ತಿರುವುತ್ತಿದ್ದಳು. ಪುಟ್ಟಮ್ಮ ಮೊರ ಬದಿಗಿಟ್ಟು ಬಗ್ಗಿ ನೋಡಿದಳು. ನೋಡಿದವಳೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಯ್ಯೋ ಅತ್ತಿಗೆ! ಇದ್ರಾಗೆ ಕರಡಿ ಹಂಗಿದೀರಲ್ಲ! ಅದ್ರಾಗೆ ನೋಡುದ್ರೆ ಪುಕ್ಕ ತರ್ದ ಕೋಳಿ ಹಂಗೆ!"

"ನಿನ್ ಮೋರೆ ನೋಡ್ಕ ಹೋಗೆ" ಎಂದೆ.

ಸುಮಿ ನಗಲಿಲ್ಲ. ವಿಡಿಯೊವನ್ನು ಹಿಂದಕ್ಕೆ ಓಡಿಸಿದಳು. ಮತ್ತೆ ಮುಂದಕ್ಕೆ. ಆಮೇಲೆ ಫೋನಿನಿಂದ ಕಣ್ಣೆತ್ತದೆ ಕೇಳಿದಳು:

"ಅಜ್ಜಿ, ಸ್ವೆಟರ್ ಹಾಕ್ಕಳದು ಯಾವಾಗಿಂದ ಬುಟ್ಟೆ?"

"ಉರಿಬಿಸ್ಲಲ್ಲಿ ಸ್ವೆಟರ್ ಹಾಕ್ಕಂಡ್ ನಿಲ್ಲಕೆ ನಂಗೇನ್ ತಲೆ ಕೆಟ್ಟೈತಾ?"

"ಕರಡಿ ಇರೋದೆಲ್ಲ ಹದಿನೇಳು ಒಂದು, ಎರಡು. ಕೋಳಿ ಇರೋದೆಲ್ಲ ನಾಕು, ಐದು, ಆರು." ಅವಳು ಎದ್ದು ನಿಂತಳು. "ಒಂದ್ ಕರಡೀನೂ ಕೆಟ್ಟಿಲ್ಲ ಅಜ್ಜಿ. ಒಂದ್ ಕೋಳೀನೂ ಸರಿ ಇಲ್ಲ."

ಬಷೀರ್ ಸಾಬರಿಗೆ ಫೋನು ಮಾಡಿದಳು. ನನಗೂ ಕೇಳಲಿ ಎಂದು ಜೋರು ಇಟ್ಟಿದ್ದಳು. ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಸಾಬರ ದನಿ ಬಂತು: "ಯಾ ಅಲ್ಲಾ! ಕಾದ ಗಾಳೀನೂ ತೆಳು ಗಾಳಿನೇ ಅಲ್ವೇನಮ್ಮ! ಬೆಳಗ್ಗೆ ಚಳೀಲಿ ಓಡುಸ್ತಿದ್ದೋರು ಮಧ್ಯಾಹ್ನಕ್ಕೆ ಬಂದುಬುಟ್ವಿ. ಎತ್ತರ ಹಿಡ್ದು, ಹೊತ್ತು ಬುಟ್ಬುಟ್ವಲ್ಲ ಮಾರಾಯ್ತಿ!"

ಸಾಬರು ಬಿಡಿಸಿ ಹೇಳಿದ್ದು ಇಷ್ಟು. ಗುಡ್ಡ ಹತ್ತಿದರೆ ಗಾಳಿ ತೆಳುವಾಗುತ್ತದೆ, ಬಿಸಿಲು ಹತ್ತಿದರೂ ಹಾಗೇ. ಚಳಿಯಲ್ಲಿ ಅದು ಒತ್ತಾಗಿ ಕೂತಿರುತ್ತದೆ. ಮಗ್ಗೆಯ ಚಳಿ ನಮಗೆ ಎತ್ತರದ ನಷ್ಟದಲ್ಲಿ ಒಂದಷ್ಟನ್ನು ವಾಪಸ್ ಕೊಡುತ್ತಿತ್ತು. ಹುರುಳಿಗೆ ಬೆಳಗು ಬಿಟ್ಟುಕೊಟ್ಟಾಗ ಅದನ್ನೂ ಬಿಟ್ಟುಕೊಟ್ಟಿದ್ದೆವು. ಕಾರು ಅದನ್ನೇ ಹೇಳುತ್ತಿತ್ತು. ನಾವು ಅದರ ಹೊಟ್ಟೆ ಕೊಯ್ದು ನೋಡುತ್ತಿದ್ದೆವು.

ಆದರೆ ಇದೆಲ್ಲ ಬಾಯಿಮಾತು. ಓಡಿಸಿ ನೋಡದೆ ಸುಮಿ ನಂಬುವವಳಲ್ಲ. ಅದಕ್ಕೆ ಬೆಳಗಿನ ರಸ್ತೆ ಬೇಕು. ರಸ್ತೆ ಪುಟ್ಟಮ್ಮನ ಕೈಯಲ್ಲಿ.

"ಒಂದ್ ದಿನ ಪೂರ್ತಿ ಬುಡೆ" ಎಂದೆ.

"ಬುಡ್ತೀನಿ. ಆದ್ರೆ ಅವತ್ತಿಗೆ ಹೇಳಿರೋ ಟ್ರ್ಯಾಕ್ಟರ್ ಮತ್ತೆ ಬರಕಿಲ್ಲ. ಮೇಲಿನ ಹೊಲದ ಕಡೇ ಒಬ್ಬೆ ಹುರ್ಳಿ ಐತಲ್ಲ, ಒಂದ್ ಸಲಕ್ಕೆ ಹರವೋವಷ್ಟು, ಅದುನ್ನ ಯಾರು ತುಳ್ಸೋರು?"

"ನಾವ್ ತುಳುಸ್ತೀವಿ."

"ನೀವೇ ಬಂದು ಹರವಿ, ತಿರುವಾಕಿ, ಬಾಚಿ ಕೊಡ್ಬೇಕು. ನಾನು ಜಗಲಿ ಮೇಲೆ ಕಾಲ್ ಮೇಲ್ ಕಾಲ್ ಹಾಕ್ಕಂಡು ನೋಡ್ತೀನಿ."

"ನೋಡೀಯಂತೆ" ಎಂದೆ.

ಆ ದಿನ ಸುಮಿ ಬೆಳಕು ಹರಿಯುವ ಹೊತ್ತಿನಿಂದ ಬಿಸಿಲು ಇಳಿಯುವ ತನಕ ಬಿಟ್ಟು ಬಿಟ್ಟು ಓಡಿಸಿದಳು. ಪ್ರತಿ ಸಲ ಎಂಜಿನ್ ಆರುವ ತನಕ ಕಾಯುತ್ತಿದ್ದಳು. ಮೊದಲ ಓಟಕ್ಕೆ ನಾನು ಕರಡಿ. ಹದಿನೇಳು ಒಂದು. ಸುಮಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟಳು. ಅತ್ತಳೋ ಏನೋ, ನಾನು ಹೋಗಿ ನೋಡಲಿಲ್ಲ. ಬಿಸಿಲು ಬಂತು, ಮಫ್ಲರ್ ಬಿಚ್ಚಿದೆ, ಹದಿನೇಳು ಎರಡು. ಶಾಲು ತೆಗೆದೆ, ಮೂರು. ಸ್ವೆಟರ್ ತೆಗೆದು ಬೇಲಿಗೆ ಹಾಕಿದೆ, ನಾಲ್ಕು. ಮಧ್ಯಾಹ್ನ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುವಾಗ ಐದು. ಎಂಜಿನ್ ಮುಟ್ಟದೆ, ಒಂದು ಸ್ಕ್ರೂ ತಿರುಗಿಸದೆ. ಸಂಜೆಯ ಹೊತ್ತಿಗೆ ಓಡಿಸುವ ಮೊದಲೇ ಆಕಾಶ ನೋಡಿ, ಗಾಳಿಗೆ ಕೈಯೊಡ್ಡಿ, ಇಷ್ಟು ಬರುತ್ತದೆ ಎಂದು ಅವಳು ಹೇಳುತ್ತಿದ್ದಳು. ಬರುತ್ತಿತ್ತು.

ಓಟ ಇನ್ನೇನು ಬಂತು ಅನ್ನುವಾಗ ಹೂ ಮಳೆ ಬಿತ್ತು. ಪುಟ್ಟಮ್ಮನ ಕೊನೆಯ ಒಬ್ಬೆ ಹುರುಳಿಯ ಮೇಲೆ ಟಾರ್ಪಾಲು ಎಳೆದೆವು. ಹಾನುಬಾಳಿಗೆ ವಾಪಸ್ ಬಂದರೆ ಎಲ್ಲೆಲ್ಲೂ ಒದ್ದೆ ಮಣ್ಣಿನ ವಾಸನೆ. ನಾಗರಾಜ ಖುಷಿಯಲ್ಲಿದ್ದ.

"ಅವ್ವ, ಹೂ ಮಳೆ ಆಗೋಯ್ತು."

"ಮಳೆ ಆದ್ರೆ ಸಾಕಾ? ಹೂ ಬುಡ್ಲಿ ಆಮೇಲ್ ಹೇಳು" ಎಂದೆ. ಮಳೆ ಬಿದ್ದ ಮೇಲೆ ಕಾಫಿ ಹೂ ಬಿಡಲು ಒಂದು ವಾರವಾದರೂ ಬೇಕು. ಅವನಿಗೂ ಗೊತ್ತು. ನಕ್ಕ.

ಓಟದ ದಿನ ಬೆಳಗಿನ ತಂಪಿನಲ್ಲೇ ಮೊದಲ ಸಾಲಿಗೆ ನಿಲ್ಲಬೇಕೆಂದು ನಸುಕಿನಲ್ಲೇ ಹೊರಟೆವು. ಸುಮಿ ಕಾರಿನಲ್ಲಿ, ನಾನು ಪಕ್ಕದಲ್ಲಿ, ಹಿಂದೆ ಸಾಬರ ಜೀಪು. ಘಟ್ಟದ ಅರ್ಧಕ್ಕೆ ಬಂದಾಗ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ತಿರುವಿನಲ್ಲಿ ಒಂದು ಟ್ಯಾಂಕರು ಅಡ್ಡ ಕೆಟ್ಟು ನಿಂತಿತ್ತು. ಹಿಂದೆ ಹೋಗುವ ಹಾಗಿಲ್ಲ, ಮುಂದೆ ಹೋಗುವ ಹಾಗಿಲ್ಲ. ಅಲ್ಲೇ ಕೂತೆವು. ಮರದ ತುದಿಗೆ ಬಿಸಿಲು ಬಂತು. ಆಮೇಲೆ ಮರದ ಬುಡಕ್ಕೆ ಬಂತು. ಆಮೇಲೆ ಕಾರಿನ ಬಾನೆಟ್ಟಿಗೆ ಬಂತು. ನಾನು ಸ್ವೆಟರ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಸುಮಿ ಅದನ್ನು ನೋಡಿದಳು. ಇಬ್ಬರಿಗೂ ಗೊತ್ತಿತ್ತು, ಆ ಬೆಳಗು ಘಟ್ಟದಲ್ಲೇ ಮುಗಿಯುತ್ತಿದೆ.

ಕೆಳಗೆ ಮುಟ್ಟಿದಾಗ ಮಧ್ಯಾಹ್ನ. ಕೆಂಪುಕಲ್ಲಿನ ಬಯಲು, ನಡುವೆ ಉದ್ದಕ್ಕೆ ಟಾರು. ಮೈಗೆ ಒದ್ದೆ ಕಂಬಳಿ ಸುತ್ತಿದ ಹಾಗೆ ಸೆಕೆ. ಬೆಳಗಿನ ಓಟಗಳು ಮುಗಿದಿದ್ದವು, ಮಧ್ಯಾಹ್ನಕ್ಕೆ ಒಂದೇ ಒಂದು ಸರದಿ ಸಿಗುತ್ತದೆ ಎಂದರು. ಸುಮಿ ನೆರಳಿಗೆ ಕಾರು ತಂದು ಜೆಟ್ ಬದಲಾಯಿಸುತ್ತಿದ್ದಾಗ ಶೆಟ್ಟರು ಬಂದರು.

"ತಡ ಆಯಿತಲ್ಲ ಮಾರಾಯ್ತಿ. ಬೆಳಿಗ್ಗೆ ಓಡಿಸಿದ್ದರೆ ಒಳ್ಳೇದಿತ್ತು."

"ಹೌದು ಸಾರ್. ಈಗ ಹದಿನೇಳರ ಒಳಗೆ ಬರಲ್ಲ. ಹದಿನೇಳು ಒಂದು ಬರುತ್ತೆ. ಬೆಳಗ್ಗೆ ಆಗಿದ್ದರೆ ಹದಿನಾರು ಎಂಟು ಬರ್ತಿತ್ತು."

ಶೆಟ್ಟರು ಅವಳ ಮುಖ ನೋಡಿದರು. "ಅದು ಹೇಗೆ ಹೇಳ್ತಿ? ಓಡಿಸಲೇ ಇಲ್ಲ."

"ಮೇಲೆ ಎಲ್ಲ ಹೊತ್ತಲ್ಲೂ ಓಡಿಸಿ ನೋಡಿದೀನಿ ಸಾರ್. ಇಲ್ಲಿ ಎತ್ತರ ಇಲ್ಲ, ಅದು ಲಾಭ. ಸೆಕೆ ಐತೆ, ಗಾಳಿ ಒದ್ದೆ ಐತೆ, ಅವೆರಡೂ ನಷ್ಟ."

ಯಾಕೆ ಹೇಳಿದಳು ಎಂದು ನನಗೆ ಸಿಟ್ಟು ಬಂತು. ಸೋಲುತ್ತೇನೆ ಎಂದು ಓಡುವ ಮೊದಲೇ ಯಾರು ಹೇಳುತ್ತಾರೆ? ಸಾಬರನ್ನು ನೋಡಿದೆ. ಅವರು ಕಣ್ಣು ಮುಚ್ಚಿ ಏನೋ ಪ್ರಾರ್ಥನೆ ಮಾಡುತ್ತಿದ್ದರು.

ಅಲ್ಲಿ ಟವೆಲ್ ಬೀಸುವವರು ಬೇಡ, ದೀಪ ಹತ್ತುತ್ತದೆ. ನಾನು ಒಂದು ಕಲ್ಲಿನ ಮೇಲೆ ಕೂತು ಆ ಟವೆಲನ್ನು ತಲೆಗೆ ಹಾಕಿಕೊಂಡೆ. ಹಸಿರು ದೀಪ ಹತ್ತಿತು, ಕಾರು ಹೋಯಿತು. ಅಷ್ಟು ದೂರ ಬಂದದ್ದು, ಅಷ್ಟು ದಿನ ಚಳಿಯಲ್ಲಿ ನಿಂತದ್ದು, ಎಲ್ಲ ಒಂದು ಕೆಮ್ಮು ಕೆಮ್ಮಿ ಮುಗಿಸುವಷ್ಟರಲ್ಲಿ ಆಗಿಹೋಯಿತು. ಬೋರ್ಡಿನಲ್ಲಿ ಹದಿನೇಳು ಪಾಯಿಂಟ್ ಎರಡು ಎಂದು ಬಂತು.

ಸುಮಿ ಕಾರು ತಂದು ನಿಲ್ಲಿಸಿ ಇಳಿದು ನೇರ ಶೆಟ್ಟರ ಹತ್ತಿರ ಬಂದಳು. "ಮೂರನೇ ಗೇರಿಗೆ ಹಾಕುವಾಗ ಕೈ ತಡವರಿಸಿಬಿಡ್ತು ಸಾರ್. ಆ ಒಂದು ಪಾಯಿಂಟ್ ನಂದು. ಗಾಳೀದಲ್ಲ."

ಶೆಟ್ಟರು ಬೋರ್ಡಿನ ಹತ್ತಿರ ಹೋಗಿ, ಬೆಳಗ್ಗೆಯೂ ಮಧ್ಯಾಹ್ನವೂ ಓಡಿದ ಕಾರುಗಳ ಹೊತ್ತನ್ನು ಒಂದೊಂದಾಗಿ ನೋಡಿದರು. ಎಲ್ಲ ಕಾರುಗಳೂ ಮಧ್ಯಾಹ್ನ ಹಿಂದೆ ಬಿದ್ದಿದ್ದವು, ಹೆಚ್ಚುಕಮ್ಮಿ ಸುಮಿ ಹೇಳಿದಷ್ಟೇ. ನಿಧಾನಕ್ಕೆ ವಾಪಸ್ ಬಂದರು.

"ಜೋರು ಓಡಿಸುವವರು ನನ್ನಲ್ಲಿ ಇದ್ದಾರೆ. ಸೋತ ಮೇಲೆ ಕಾರಣ ಹೇಳುವವರೂ ಇದ್ದಾರೆ, ಬೇಕಾದಷ್ಟು. ಮೊದಲೇ ಹೇಳುವವರು ಇಲ್ಲ. ಯುಗಾದಿ ಮುಗಿಸಿ ಬಾ."

ನಾನೇ ಕೇಳಿದೆ: "ಹದಿನೇಳರ ಒಳಗೆ ಅಂದಿದ್ರಲ್ಲ?"

"ಅಜ್ಜಿ, ನೀವು ಯಾರ ಕಡೆ?" ಎಂದು ಶೆಟ್ಟರು ನಕ್ಕರು.

"ನನ್ ಕಡೆ ಬುಡಿ. ಇರಾಕೆ ಜಾಗ ಎಲ್ಲಿ? ಹುಡುಗಿ ಒಬ್ಳೇ."

"ನನ್ನ ಅಕ್ಕನ ಮನೆ ವರ್ಕ್‌ಶಾಪಿನ ಹಿಂದೆಯೇ ಉಂಟು. ಕೋಣೆ ಖಾಲಿ ಉಂಟು. ಬನ್ನಿ, ನೋಡಿಯೇ ಹೋಗಿ."

ಹೋಗಿ ನೋಡಿದೆ. ಕೋಣೆಗೆ ಒಳಗಿನಿಂದ ಚಿಲಕ ಸರಿಯಾಗಿತ್ತು. ಅಕ್ಕನವರು ಮೀನು ಸಾರು ಹಾಕಿ ಊಟ ಕೊಟ್ಟರು. ಸಾಬರು ಎರಡು ಸಲ ಬಡಿಸಿಕೊಂಡರು.

ಮನೆಗೆ ಬಂದಾಗ ನಾಗರಾಜ ಬಾಗಿಲಲ್ಲೇ ನಿಂತಿದ್ದ. "ಎಷ್ಟು?" ಎಂದ.

"ಹದಿನೇಳು ಎರಡು" ಎಂದಳು ಸುಮಿ.

"ಹಂಗಾರೆ ಸ್ಟೋರು."

"ಅಲ್ಲ. ಯುಗಾದಿ ಆದ್ಮೇಲೆ ಕೆಳಗೆ ಹೋಗ್ತಾಳೆ. ಶೆಟ್ರು ಬಾ ಅಂದವ್ರೆ" ಎಂದು ನಾನು ಹೇಳಿ, ನಡೆದದ್ದನ್ನೆಲ್ಲ ತಿಳಿಸಿದೆ. ಅವನು ಕೇಳಿಸಿಕೊಂಡು ಮಗಳ ಕೈ ನೋಡಿದ. ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. "ಅಲ್ಲಿ ಸೆಕೆ ಜಾಸ್ತಿ ಅಲ್ವಾ ಅವ್ವ? ಒಂದು ಫ್ಯಾನ್ ಕೊಡಿಸ್ಬೇಕು" ಎಂದ.

ಮಾರನೆಯ ಬೆಳಗ್ಗೆ ನಾನು ಬೇಗ ಎದ್ದೆ. ಕೆಂಪು ಸ್ವೆಟರ್ ಹಾಕಿಕೊಂಡೆ. ಗೇಟಿನ ಹತ್ತಿರ ಸ್ಟೋರಿನವರು ಸಿಕ್ಕರು. ನಮ್ಮ ಹುಡುಗಿ ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಸ್ಸು ಹತ್ತಿದೆ. ಮಗ್ಗೆಯಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ಟಾರ್ಪಾಲು ತೆಗೆದು ಪುಟ್ಟಮ್ಮನ ಕೊನೆಯ ಒಬ್ಬೆ ಹುರುಳಿಯನ್ನು ರಸ್ತೆಯ ಉದ್ದಕ್ಕೂ ಹರವಿದೆ. ಅವಳು ಹೇಳಿದ ಹಾಗೆಯೇ ಜಗಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದಳು. ಹುರುಳಿ ಒಣಗಿ ಸದ್ದು ಮಾಡುವ ಹೊತ್ತಿಗೆ ಸುಮಿ ಬಂದಳು. ಕಾರು ನೆಲಕ್ಕೆ ಹತ್ತಿರ, ಬಿಸಿ ಸೈಲೆನ್ಸರಿಗೆ ಒಣ ಹುಲ್ಲು ತಗುಲಿದರೆ ಹೊತ್ತಿಕೊಳ್ಳುತ್ತದೆ ಎಂದು ಸಾಬರ ಜೀಪು ತಂದಿದ್ದಳು. ಒಂದನೇ ಗೇರಿನಲ್ಲಿ ರಸ್ತೆಯ ಈ ತುದಿಯಿಂದ ಆ ತುದಿಗೆ ಹೋದಳು, ಆ ತುದಿಯಿಂದ ಈ ತುದಿಗೆ ಬಂದಳು. ಜೀಪು ಮುಂದೆ ಹೋದ ಹಾಗೆ ನಾನು ಹಿಂದಿನಿಂದ ಕವೆಗೋಲಿನಲ್ಲಿ ಹುಲ್ಲು ಕೊಡವಿ ತಿರುವಿ ಹಾಕಿದೆ. ಅಷ್ಟು ನಿಧಾನಕ್ಕೆ ಓಡಿಸುವುದು ಅವಳಿಗೆ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಬಂತು.